ಮಗ್ಗುಲು ಬದಲಿಸುವವಳು

ಎರ್ನಾಕುಲಂನ ಕಲೂರ್ ಸ್ಟೇಡಿಯಮ್ಮಿನ ಹಿಂದಿನ ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತು, ಆಟೋದವರೆಲ್ಲ ದೂರದಿಂದಲೇ ಕೈಯಾಡಿಸಿ ತಿರುಗಿಹೋದ ಮೇಲೆ, ಸುಮಿತ್ರಕ್ಕನ ಮೆಸ್ಸಿಗೆ ಸಂಜೆಯ ನೀರುದೋಸೆ ತಿನ್ನಲು ಬಂದವರು ಅಲ್ಲೇ ಕೂರಬೇಕಾಯಿತು. ಕರೆಂಟೂ ಹೋಗಿತ್ತು. ಉಳಿದವರು ಮೂವರು: ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಸಂಹಿತಾ, ಅವಳ ಗಂಡ ಸಮರ್ಥ್, ಅವರ ಜೊತೆಗೇ ಕೆಲಸ ಮಾಡುವ ಮಂಗಳೂರಿನ ಆಯೇಷಾ.

ಸಂಹಿತಾಳ ಮನಸ್ಸು ದೋಸೆಯ ಮೇಲೆ ಇರಲಿಲ್ಲ. ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಅವಳ ಅಪ್ಪನಿಗೆ ಪಾರ್ಶ್ವವಾಯು ಬಡಿದು, ಮಾತೂ ಕೈಕಾಲೂ ನಿಂತುಹೋಗಿ, ಅವರನ್ನು ಅಲ್ಲಿನದೇ ಒಂದು ವೃದ್ಧಾಶ್ರಮದಲ್ಲಿ ಇಟ್ಟು ವರ್ಷ ಕಳೆದಿತ್ತು. ಮೊದಮೊದಲು ಪ್ರತಿ ಶನಿವಾರ ರೈಲು ಹತ್ತುತ್ತಿದ್ದಳು. ಆಮೇಲೆ ತಿಂಗಳಿಗೊಮ್ಮೆ ಆಯಿತು. ಈ ಶನಿವಾರವೂ ಆಗುವುದಿಲ್ಲವೆಂದು ಸಮರ್ಥ್ ಹೇಳಿದಾಗ, ಅವಳು ತನ್ನನ್ನೇ ಸಮಾಧಾನ ಮಾಡಿಕೊಳ್ಳುವಂತೆ, ಅಲ್ಲಿ ತುಂಬ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಇಷ್ಟು ದಿನ ಮಲಗಿದಲ್ಲೇ ಇದ್ದರೂ ಅಪ್ಪನ ಬೆನ್ನಿನಲ್ಲಿ ಒಂದು ಕೆಂಪು ಗುರುತೂ ಇಲ್ಲ ಎಂದಳು.

ಮೇಜು ಒರೆಸುತ್ತಿದ್ದ ಸುಮಿತ್ರಕ್ಕನ ಕೈ ನಿಂತಿತು. ಕಾಸರಗೋಡಿನ ಕಡೆಯವರು, ಗಂಡ ಹೋದ ಮೇಲೆ ಈ ಊರಿನಲ್ಲಿ ಕನ್ನಡದವರಿಗೆ ಬಡಿಸುತ್ತಲೇ ತಲೆ ಬೆಳ್ಳಗಾದವರು. ಬಟ್ಟೆ ಹಿಂಡಿ ಹಾಕಿ, ಕುರ್ಚಿ ಎಳೆದುಕೊಂಡರು. ಇಂಥ ಮಳೆಗೆ ಒಂದು ದೆವ್ವದ ಕತೆಯಾದರೂ ಬೇಡವೇ ಎಂದು ಆಯೇಷಾ ಕೆಣಕಿದಳು.

"ಕತೆ ಅಲ್ಲ ಮಾರಾಯ್ತಿ, ನಡೆದದ್ದು. ಬೇಕಾದ್ರೆ ನಂಬು, ಇಲ್ಲದಿದ್ರೆ ನಿನ್ನ ಫೋನು ನೋಡ್ತಾ ಕೂತುಕೋ... ನಿರ್ಮಲ ಅಂತ ಇದ್ದಳು, ಮೈಸೂರಿನವಳು, ಇಲ್ಲೇ ಬ್ಯಾಂಕಿನಲ್ಲಿ ಆಫೀಸರು. ಗಂಡ ಶ್ರೀಕಂಠ ಮಲಗಿದಲ್ಲೇ ಆದ, ನಿನ್ನ ಅಪ್ಪನ ಹಾಗೆಯೇ. ಅವಳು ಎರ್ನಾಕುಲಂ ಪೂರ ಸುತ್ತಿ, ಒಂದು ಹಳೇ ಬಂಗ್ಲೆಯನ್ನು ವೃದ್ಧಾಶ್ರಮ ಮಾಡಿದ್ದಲ್ಲಿ ಅವನನ್ನು ಸೇರಿಸಿದಳು. ಹೇಗೆ ಆರಿಸಿದ್ದು ಗೊತ್ತುಂಟಾ? ಎದುರಿನ ಹೂವಿನ ಕುಂಡ ನೋಡ್ಲಿಲ್ಲ, ನೆಲದ ಟೈಲ್ಸು ನೋಡ್ಲಿಲ್ಲ. ಸೀದಾ ಒಳಗೆ ಹೋಗಿ ಮಲಗಿದವರ ಹೊದಿಕೆ ಎತ್ತಿ ಹಿಮ್ಮಡಿ ನೋಡಿದಳು. ಹಾಸಿಗೆ ಹುಣ್ಣು ಮೊದಲು ಕಚ್ಚುದು ಹಿಮ್ಮಡಿಗೆ, ಸೊಂಟಕ್ಕೆ. ಮನುಷ್ಯ ಮಗ್ಗುಲು ಬದಲಿಸದೆ ಬಿದ್ದುಕೊಂಡ್ರೆ ಮೈಯ ಭಾರವೇ ಮೈಯನ್ನು ತಿಂತದೆ. ಅಲ್ಲಿ ಯಾರ ಹಿಮ್ಮಡಿಯಲ್ಲೂ ಒಂದು ಗುರುತಿಲ್ಲ. ಮೊಣಕಾಲಿನ ನಡುವೆ ತಲೆದಿಂಬು, ಹಾಸಿಗೆಯಲ್ಲಿ ಒಂದು ಸುಕ್ಕಿಲ್ಲ... ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗ್ತದೆ, ಹೇಳಿ?"

ಹೊರಗೆ ಯಾರದೋ ಸ್ಕೂಟರು ನೀರಿನಲ್ಲಿ ಕೆಮ್ಮಿ ನಿಂತಿತು. ಸಂಹಿತಾ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿದಳು.

"ಓಣಂ ಬಂತು. ನಿರ್ಮಲ ದೊಡ್ಡ ಪೊಟ್ಟಣ ಬಾಳೆಕಾಯಿ ಚಿಪ್ಸ್ ತಕೊಂಡು ಹೋಗಿ ಹಗಲಿನ ನರ್ಸುಗಳ ಕೈಗೆ ಕೊಟ್ಟು, ನನ್ನ ಗಂಡನನ್ನು ಇಷ್ಟು ಜತನ ಮಾಡ್ತೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂದಳು. ಅವರು ನಾಚಿಕೊಂಡರು. ಅಯ್ಯೋ ಚೇಚಿ, ನಾವು ಹೋಗುವಾಗ ಅವರನ್ನು ಆಗಲೇ ತಿರುಗಿಸಿ ಆಗಿರ್ತದೆ, ಅದೆಲ್ಲ ರಾತ್ರಿಯವರ ಪುಣ್ಯ ಅಂದರು. ಸರಿ, ಇನ್ನೊಂದು ಪೊಟ್ಟಣ ರಾತ್ರಿಯವರಿಗೆ. ಅವರು ಏನಂದರು? ಇಲ್ಲ ಚೇಚಿ, ಹಗಲಿನವರು ಭಾರೀ ಒಳ್ಳೆಯವರು, ನಮಗೆ ಕೆಲಸವೇ ಉಳಿಸುದಿಲ್ಲ ಅಂದರು. ಇವರು ಅವರನ್ನು ಹೊಗಳಿದರು, ಅವರು ಇವರನ್ನು ಹೊಗಳಿದರು. ಚಿಪ್ಸ್ ಇಬ್ಬರೂ ತಿಂದರು. ಹಾಗಾದ್ರೆ ಮಾಡುದು ಯಾರು?"

ಸಮರ್ಥ್ ನಕ್ಕು, ನಮ್ಮ ಆಫೀಸಿನಲ್ಲೂ ಹೀಗೇ ಎಂದ. ಸುಮಿತ್ರಕ್ಕ ನಗಲಿಲ್ಲ.

"ಬೈಸ್ಟ್ಯಾಂಡರ್ ಆಗಿ ಕೂರ್ತೇನೆ ಅಂತ ನಿರ್ಮಲ ಹಟ ಹಿಡಿದಳು. ಇಲ್ಲಿ ರೋಗಿಯ ಹತ್ತಿರ ಕೂರುವ ಮನೆಯವರಿಗೆ ಹಾಗೆ ಹೇಳುದು, ನಿಮಗೆ ಗೊತ್ತುಂಟಲ್ಲ. ಮಧ್ಯಾಹ್ನದ ಹೊತ್ತು. ದೆವ್ವಕ್ಕೆ ನಡುರಾತ್ರಿಯೇ ಆಗಬೇಕು ಅಂತ ಯಾರು ಹೇಳಿದ್ದು? ಗಂಜಿ ಕುಡಿಸಿ ನರ್ಸುಗಳೆಲ್ಲ ಊಟಕ್ಕೆ ಹೋಗಿದ್ರು. ಇದೇ ತರ ಮಳೆ. ಇವಳು ಪರದೆಯ ಹಿಂದೆ ಕೂತು ತೂಕಡಿಸ್ತಾ ಇದ್ದವಳು ಕಣ್ಣು ಬಿಟ್ಟು ನೋಡ್ತಾಳೆ... ಶ್ರೀಕಂಠನ ಹೆಗಲು ಮೆಲ್ಲಗೆ ಮೇಲೆ ಬರ್ತಾ ಉಂಟು. ಹಾಸಿಗೆ ಒಂದು ಕಡೆ ತಗ್ಗಿ ಹೋಗಿದೆ, ಯಾರೋ ಮಂಡಿ ಊರಿದ ಹಾಗೆ. ಬೆನ್ನಿನ ಕೆಳಗೆ ಒಂದು ಕೈ ಹೋದದ್ದು ಅಂಗಿಯ ಸುಕ್ಕಿನಲ್ಲಿ ಕಾಣ್ತದೆ, ಕೈ ಕಾಣುದಿಲ್ಲ. ಎಳೆಮಗುವನ್ನು ತಿರುಗಿಸುವ ಹಾಗೆ ಅವನನ್ನು ಎಡದಿಂದ ಬಲಕ್ಕೆ ತಿರುಗಿಸಿತು. ತಲೆದಿಂಬು ತಾನಾಗಿ ಮೊಣಕಾಲಿನ ನಡುವೆ ಹೋಯ್ತು. ಕಿವಿ ಮಡಚಿ ಹೋಗಿತ್ತು, ಅದನ್ನೂ ಸರಿ ಮಾಡಿತು. ಮನೆಯಲ್ಲಿ ಹೆತ್ತ ಮಕ್ಕಳಿಗೂ ಕಿವಿಯ ನೆನಪು ಬರುದಿಲ್ಲ, ಹೌದಾ ಅಲ್ವಾ? ಆಮೇಲೆ ಪಕ್ಕದ ಮಂಚ ತಗ್ಗಿತು... ಅದರಾಚೆಯದು...

"ನಿರ್ಮಲ ಕುರ್ಚಿ ಬಿಟ್ಟು ಎದ್ದಳು. ಪಕ್ಕದ ಮಂಚದಲ್ಲಿ ವರ್ಗೀಸ್ ಮಾಷ್ ಅಂತ, ರಿಟೈರ್ಡ್ ಮೇಷ್ಟ್ರು, ಅವನಿಗೆ ಮಾತಿತ್ತು. ಹೆದರಬೇಡ ಮಗಳೇ, ಅದು ನಮ್ಮ ತ್ರೇಸ್ಯಾಮ್ಮ ಅಂದ. ಶ್ರೀಕಂಠನ ಮಂಚದಲ್ಲೇ ಹಿಂದೆ ಮಲಗಿದ್ದವಳಂತೆ. ಯಾರೂ ಮಗ್ಗುಲು ಬದಲಿಸದೆ, ಬೆನ್ನೆಲ್ಲ ಹುಣ್ಣಾಗಿ, ಎಲುಬು ಕಾಣುವ ಹಾಗಾಗಿ ಸತ್ತವಳು. ಮಾಷೇ, ಇದನ್ನು ಯಾಕೆ ಯಾರಿಗೂ ಹೇಳ್ಲಿಲ್ಲ ಅಂತ ಕೇಳಿದ್ದಕ್ಕೆ ಆ ಮುದುಕ ಏನಂದ ಗೊತ್ತುಂಟಾ?"

ಸುಮಿತ್ರಕ್ಕ ದನಿ ತಗ್ಗಿಸಿದರು.

"'ಹೇಳಿದ್ರೆ ಅವಳನ್ನು ಓಡಿಸ್ತಾರೆ. ಆಮೇಲೆ ನಮ್ಮನ್ನು ತಿರುಗಿಸುದು ಯಾರು?'"

ಆ ಮಾತು ಆಡಿದವರು ಸುಮಿತ್ರಕ್ಕನಲ್ಲ, ಹಾಸಿಗೆಯಿಂದ ಏಳಲಾಗದ ಯಾರೋ ಎಂದು ಸಂಹಿತಾಳಿಗೆ ಅನ್ನಿಸಿತು. ಆಯೇಷಾ ಈಗ ಕೆಣಕುವುದನ್ನು ಬಿಟ್ಟಿದ್ದಳು.

"ನಿರ್ಮಲ ಪ್ರಾಮಾಣಿಕಳು, ಅದೇ ತೊಂದರೆ. ಮ್ಯಾನೇಜರನ ಹತ್ತಿರ ಹೋಗಿ, ಸತ್ತ ಹೆಂಗಸು ನಿಮ್ಮ ಕೆಲಸ ಮಾಡ್ತಿದ್ದಾಳೆ, ಇನ್ನಾದರೂ ನೀವು ಮಾಡಿ ಅಂದಳು. ಆ ಪುಣ್ಯಾತ್ಮನ ಕಿವಿಗೆ ಬಿದ್ದದ್ದು ಸತ್ತ ಹೆಂಗಸು ಅನ್ನುದು ಮಾತ್ರ, ಕೆಲಸ ಅನ್ನುದು ಬೀಳ್ಲೇ ಇಲ್ಲ. ಸುದ್ದಿ ಹಬ್ಬಿದ್ರೆ ಮಂಚ ಖಾಲಿಯಾಗ್ತದೆ ಅಂತ ಹೆದರಿ, ಯಾವ ಕಡೆಯವರಿಗೂ ಬೇಜಾರಾಗಬಾರದು ಅಂತ, ಒಬ್ಬ ಮಂತ್ರವಾದಿಯನ್ನು ಕರೆಸಿದ, ಚರ್ಚಿನ ಒಬ್ಬ ಅಚ್ಚನನ್ನು ಕರೆಸಿ ತೀರ್ಥ ಚಿಮುಕಿಸಿದ, ಮಸೀದಿಯ ಒಬ್ಬ ಉಸ್ತಾದರಿಂದ ಓದಿಸಿದ. ಮೂರೂ ಕಡೆಯಿಂದ ಒತ್ತಿದ್ರೆ ಪಾಪ, ಅವಳು ಎಲ್ಲಿ ನಿಲ್ತಾಳೆ? ಹೋದಳು. ಹೊಗೆಯೆಲ್ಲ ಆರಿದ ಮೇಲೆ ನರ್ಸುಗಳು ಎಂದಿನ ಹಾಗೆ ಬಂದರು, ಎಂದಿನ ಹಾಗೆ, ಅವರು ತಿರುಗಿಸಿರ್ತಾರೆ ಅಂತ ಇವರು, ಇವರು ತಿರುಗಿಸಿರ್ತಾರೆ ಅಂತ ಅವರು... ಆ ವಾರ ಕಳೆಯುವಷ್ಟರಲ್ಲಿ ಶ್ರೀಕಂಠನ ಹಿಮ್ಮಡಿ ಕೆಂಪಾಯ್ತು, ಆಮೇಲೆ ನೀಲಿಯಾಯ್ತು. ವರ್ಗೀಸ್ ಮಾಷ್ ನಿರ್ಮಲನನ್ನು ನೋಡಿ ಮುಖ ಆಚೆ ಮಾಡ್ಲಿಕ್ಕೆ ಹೊರಟ. ಅವನಿಗೆ ಅದೂ ಆಗ್ಲಿಲ್ಲ. ತಿರುಗಿಸುವವರು ಬೇಕಲ್ಲ?"

ಆಮೇಲೆ ನಿರ್ಮಲ ಮಾಡಿದ್ದನ್ನು ಸುಮಿತ್ರಕ್ಕ ಅವಸರವಿಲ್ಲದೆ ಹೇಳಿದರು. ದೆವ್ವವನ್ನು ವಾಪಸು ಕರೆಯುವ ಮಂತ್ರ ಯಾರ ಹತ್ತಿರವೂ ಇಲ್ಲವಲ್ಲ! ಅವಳು ರಜೆ ಹಾಕಿ, ಗಂಡನ ಮಂಚದ ಬಳಿ ಕೂತು, ಮೊದಲು ತಾನೇ ತಿರುಗಿಸುವುದನ್ನು ಕಲಿತಳು. ಆಮೇಲೆ ಮಾಷನನ್ನು ತಿರುಗಿಸಿದಳು. ಆಮೇಲೆ ಮಲಗಿದವರ ಮನೆಯವರಿಗೆಲ್ಲ ಫೋನು ಮಾಡಿ ಕರೆಸಿ, ಅವರೆದುರಿಗೇ ಹೊದಿಕೆ ಎತ್ತಿ ತೋರಿಸಿದಳು. ಮಕ್ಕಳು ಅತ್ತರು, ಜಗಳಾಡಿದರು. ಕೊನೆಗೆ ಮ್ಯಾನೇಜರು ಹೆಚ್ಚಿನ ಜನ ಇಟ್ಟ. ಯಾರು ಯಾವಾಗ ತಿರುಗಿಸಬೇಕೆಂದು ನಿಗದಿಯಾಯಿತು. ಶ್ರೀಕಂಠನ ಹುಣ್ಣು ಮಾಯಿತು. ಅವನು ತೀರಿಹೋದದ್ದು ಬಹಳ ಕಾಲದ ಮೇಲೆ, ಹೆಂಡತಿಯ ಕೈ ಬೆನ್ನಿನ ಕೆಳಗೆ ಇರುವಾಗಲೇ.

ತ್ರೇಸ್ಯಾಮ್ಮ ವಾಪಸು ಬಂದಳೇ ಎಂದು ಕೇಳಿದ್ದು ಆಯೇಷಾ.

"ಅಲ್ಲಿಗೆ ಬರ್ಲಿಲ್ಲ. ಮನುಷ್ಯರು ಮಾಡ್ತಿದ್ದಾರಲ್ಲ, ಅವಳಿಗೆ ಅಲ್ಲಿ ಎಂತ ಕೆಲಸ? ಅವಳೇನು ಜಾಗ ಹಿಡಿದು ಕೂರುವ ದೆವ್ವ ಅಲ್ಲ..."

ಮಳೆ ಸ್ವಲ್ಪ ಹಿಂದೆ ಸರಿದಿತ್ತು. ಸುಮಿತ್ರಕ್ಕ ಸಂಹಿತಾಳ ಕಡೆ ತಿರುಗಿ, ಅಪ್ಪನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವುದು ಯಾರು, ಹಗಲಿನವರೋ ರಾತ್ರಿಯವರೋ ಎಂದು ಸಾಧಾರಣವಾಗಿ ಕೇಳಿದರು.

ಸಂಹಿತಾಳಿಗೆ ನೆನಪಾಯಿತು. ಹೋದ ಸಲ ಹಗಲಿನ ಸಿಸ್ಟರಿಗೆ ಥ್ಯಾಂಕ್ಸ್ ಹೇಳಿದಾಗ, ರಾತ್ರಿಯವರು ಒಳ್ಳೆಯವರು ಮೇಡಂ ಎಂದು ಆ ಸಿಸ್ಟರ್ ನಕ್ಕಿದ್ದಳು. ರಾತ್ರಿ ಫೋನು ಮಾಡಿದಾಗ ಎತ್ತಿದವರು ಹಗಲಿನವರನ್ನು ಹೊಗಳಿದ್ದರು. ಆಗ ಅದು ಎಷ್ಟು ಹಿತವಾಗಿತ್ತು. ಅವಳು ಸಮರ್ಥ್‌ನನ್ನು ನೋಡಿದಳು. ಅವನು ಆಗಲೇ ಫೋನಿನಲ್ಲಿ ಬೆಳಗಿನ ರೈಲು ಹುಡುಕುತ್ತಿದ್ದ.

"ಹೆದರಬೇಡ ಮಗಾ," ಎಂದು ಸುಮಿತ್ರಕ್ಕ ಅವಳ ಬೆನ್ನು ಸವರಿದರು. "ತ್ರೇಸ್ಯಾಮ್ಮ ಇರುವಷ್ಟು ದಿನ ಅಪ್ಪನಿಗೆ ಒಂದು ಹುಣ್ಣೂ ಆಗುದಿಲ್ಲ. ಆದ್ರೆ ಅವಳು ಅಲ್ಲಿ ಇದ್ದಾಳೆ ಅಂದ್ರೆ... ಬೇರೆ ಯಾರೂ ಬರ್ತಾ ಇಲ್ಲ ಅಂತ."