ನಾಲ್ಕನೇ ತೂತಿನ ಕಲ್ಲು

ಬ್ಯಾಡ ಬ್ಯಾಡ, ಎಬ್ಬಿಸ್‌ಬ್ಯಾಡ. ಮಲಗಿರ್ಲಿ ಮಾಪ್ಳೆ. ಬಾಕ್ಲಲ್ಲಿ ಚಪ್ಪಲಿ ಬಿಟ್ಟವ್ನೆ, ಬೈಕೂ ನಿಂತೈತೆ, ಸದ್ಯ ಇನ್ನೂ ಒಂಟಿಲ್ಲ ಅಂತ ನೋಡ್ಕೊಂಡೇ ಒಳಕ್ಕೆ ಬಂದೆ. ನಾನು ಬಂದಿರೋದು ಅವ್ನತ್ರ ಮಾತಾಡಾಕಲ್ಲ ಕಣವ್ವ, ನಿನ್ನತ್ರ. ಕೂತ್ಕೋ. ನಿನ್ ಗಂಡ ಇವತ್ತು ಆ ಸೇತುವೆ ಪಾಯದ ಗುಂಡಿಗೆ ಇಳೀಬಾರ್ದು. ಅಷ್ಟೇ. ಅದನ್ನ ಯೋಳೋಣ ಅಂತ ಪಾಲಕೋಡಿಂದ ಕತ್ಲಲ್ಲೇ ಗಾಡಿ ತಗೊಂಡು ಬಂದೆ.

ಇರು, ಇರು. ನೀನೇನೋ ಯೋಳಾಕ್ ಬತ್ತೀಯ, ಗೊತ್ತು. ಮೊದ್ಲು ನಾನ್ ಮುಗಿಸ್ಬಿಡ್ತೀನಿ. ಚಿಕ್ಕೋಳಿದ್ದಾಗಿಂದ ನಿಂದು ಇದೇ ಆಯ್ತು ಸಪ್ಪಲೂ, ಅಣ್ಣ ಬಾಯಿ ತೆಗೆಯೋಕ್ ಮುಂಚೆ ನೀನು ತೆಗೀತೀಯ. ಇವತ್ತೊಂದಿನ ಬಾಯಿಗೆ ಬೀಗ ಆಕ್ಕೊ. ಮದ್ಯ ಮಾತಾಡುದ್ರೆ ನಂಗೆ ಎಲ್ಲಾ ಮರ್ತೋಗ್ತದೆ.

ಕಾಪಿ ಆಮ್ಯಾಲ್ ಕುಡೀತೀನಿ, ಅಲ್ಲಿಡು.

ಇನ್ನೂ ಏಳು ಗಂಟೆ. ಕೂಲಿ ವ್ಯಾನು ಬರೋದು ಏಳೂವರೆಗೆ ತಾನೆ? ವ್ಯಾನು ಬಂದು ಆರ್ನ್ ಮಾಡ್ತದೆ, ನೀನು ಬಾಕ್ಲಿಗೋಗಿ, ಇಲ್ಲಪ್ಪ, ಅವ್ರು ಬರಲ್ಲ, ಅವ್ರ ಅತ್ತಿಗೆಗೆ ಉಷಾರಿಲ್ಲ, ಓಮಲೂರಿಗೆ ಓಯ್ತಾವ್ರೆ ಅಂದ್ಬಿಡು. ಸುಳ್ಳಲ್ಲ ಕಣೇ. ನಮ್ ದೊಡ್ಡಕ್ಕಂಗೆ ನಿಜವಾಗ್ಲೂ ಉಷಾರಿಲ್ಲ. ನೆನ್ನೆ ರಾತ್ರಿ ಓಮಲೂರ್ ಆಸ್ಪತ್ರೆಗೆ ಸೇರ್ಸವ್ರೆ. ನಂಗೆ ಪೋನ್ ಬಂತು. ಡಾಕ್ಟ್ರು ಯೋಳೋದು ನಂಗೆಲ್ಲಿ ತಿಳೀತದೆ, ನಿನ್ ಗಂಡ ಶಿವಾ ಆದ್ರೆ ನಾಲ್ಕಕ್ಷರ ಓದವ್ನೆ, ಜತೇಲಿದ್ರೆ ಒಂದು ಧೈರ್ಯ... ಯಾಕೆ ನಗ್ತೀಯ?

ಏನದು, ಪೋನ್ ತೋರಿಸ್ತೀಯ. ದೊಡ್ಡಕ್ಕನ ನಂಬರು. ಇವತ್ತು ಆರೂ ಕಾಲಿಗೆ. ಆರು ನಿಮಿಷ ಮಾತಾಡಿದ್ದೀರ.

ನಿಮ್ಮಿಬ್ರಿಗೂ ಬೆಳಗ್ಗೆದ್ದು ಇದೇ ಕೆಲ್ಸ. ಸರಿ ಬಿಡು. ದೊಡ್ಡಕ್ಕ ಗುಂಡುಕಲ್ಲಿನಂಗವ್ಳೆ, ನೂರ್ ವರ್ಷ ಬಾಳ್ಲಿ. ಒಂದು ಸುಳ್ಳು ಯೋಳ್ದೆ, ಅಣ್ಣ ತಾನೆ, ಒಟ್ಟೇಗಾಕ್ಕೊ.

ಕೇಳಿಲ್ಲಿ. ನಂಗೆ ಕೆಟ್ಟ ಕನಸು ಬಿತ್ತು. ಮೂರು ರಾತ್ರಿಯಿಂದ ಅದೇ ಕನಸು. ಇವತ್ತು ಅಷ್ಟಮಿ ಬೇರೆ, ರಾಹುಕಾಲ ಯಾವಾಗ ಅಂತ ನೋಡ್ಕೊಂಡ್... ಮತ್ತೆ ನಗ್ತೀಯ. ಊಂ, ನಗು. ಅಷ್ಟಮಿ ನವಮಿ ಅಂದ್ರೆ ಉಗೀತಿದ್ದ ಚಿನ್ನಪ್ಪ ಇವತ್ತು ಪಂಚಾಂಗ ಓದ್ತಾವ್ನೆ ಅಂತ ನಗು. ಬೋರು ಆಕೋ ಜಾಗ್ದಲ್ಲಿ ತೆಂಗಿನಕಾಯಿ ಒಡೀರಿ ಅಂದ್ರೆ, ಚಟ್ನಿಗ್ ಆಯ್ತದೆ ಕೊಡ್ರಿ ಅಂತಿದ್ದೋನು ನಾನು. ಅಂಥೋನು ಬಂದು ಬ್ಯಾಡ ಅಂತಾವ್ನೆ ಅಂದ್ರೆ ಏನೋ ಐತೆ ಅಂತ ನಿಂಗಾದ್ರೂ ಅನ್ನಿಸ್ಬೇಕಲ್ವಾ.

ಯಾರ ತೋಟದ ಮೋಟ್ರು ಅದು, ಒಂದೇ ಸಮನೆ ಓಡ್ತಾ ಐತೆ. ಇಷ್ಟೊತ್ಗೇ ಕರೆಂಟ್ ಬಂದೈತಾ ನಿಮ್ಮೂರಿಗೆ?

ಏನ್ ಕೈ ಸನ್ನೆ? ಓ, ನೀನೇ ತಾನೆ ಆ ಕೆಲ್ಸಕ್ಕೆ ಸೇರ್ಸಿದ್ದು ಅಂತೀಯ. ಊಂ, ನಾನೇ. ಇಲ್ಲ ಅಂದ್ನಾ? ನೀನೇ ಬಂಡೆ ಐತೆ, ಭಯ ಇಲ್ಲ ಅಂದಿದ್ದು ಅಂತೀಯ. ಊಂ, ಅಂದಿದ್ದೆ. ಆ ಅಳ್ಳದ ದಡದಲ್ಲಿ ಮೊದ್ಲು ನಿಂತೋನೇ ನಾನು. ಸೇತುವೆ ಕಟ್ಟೋಕ್ ಮುಂಚೆ ನೆಲದೊಳಗೆ ಏನೈತೆ ಅಂತ ನೋಡ್ಬೇಕಲ್ಲ, ಅದೇ ನನ್ನ ಕೆಲ್ಸ. ಇಪ್ಪತ್ತೆರಡು ವರ್ಷದಿಂದ ಅದೇ. ಮೂರು ಕಾಲಿನ ಕಂಬ ನಿಲ್ಲಿಸ್ತೀವಿ. ಅರವತ್ತು ಕಿಲೋ ಮೀರಿದ ಗುಂಡನ್ನ ಎರಡೂವರೆ ಅಡಿ ಎತ್ತಿ ಬಿಡ್ತೀವಿ, ಕೆಳಗಿರೋ ರಾಡಿನ ತಲೆ ಮ್ಯಾಲೆ. ರಾಡಿನ ತುದೀಲಿ ಒಂದು ಕೊಳವೆ. ಅದು ಒಂದಡಿ ಇಳಿಯಾಕೆ ಎಷ್ಟೇಟು ಬೇಕು ಅಂತ ಎಣಿಸ್ಬೇಕು. ಅತ್ತೇಟಿಗೆ ಇಳೀತು ಅಂದ್ರೆ ಮೆತ್ತನೆ ನೆಲ. ಐವತ್ತೇಟಿಗೂ ಇಳೀಲಿಲ್ಲ ಅಂದ್ರೆ ಬಂಡೆ ಬಂತು ಅಂತ ಲೆಕ್ಕ. ಆಮ್ಯಾಲೆ ವಜ್ರದ ಅಲ್ಲು ಕೂರ್ಸಿರೋ ಬೈರಿಗೆ, ಬಿಟ್ಟು ಅಂತೀವಿ, ಅದನ್ನ ಆಕಿ ಕೊರೀತೀವಿ, ಕಲ್ಲು ಒನಕೆ ತುಂಡಿನಂಗೆ ಗುಂಡ್‌ಗುಂಡಾಗಿ ಆಚೆ ಬತ್ತದೆ. ಅದನ್ನ ಮರದ ಪೆಟ್ಟಿಗೇಲಿ ಸಾಲಾಗಿ ಜೋಡ್ಸಿ, ಎಷ್ಟನೇ ತೂತು, ಎಷ್ಟಡಿ ಅಂತ ಬಣ್ಣದಲ್ಲಿ ಬರೀಬೇಕು. ಎಂಥ ದೊಡ್ಡ ಎಂಜಿನಿಯರ್ ಆದ್ರೂ ನೆಲದೊಳಕ್ಕೆ ಕಣ್ಣು ಓಗಲ್ಲ ಸಪ್ಪಲೂ. ನನ್ನ ಎಣಿಕೆ, ನನ್ನ ಪೆಟ್ಟಿಗೆ, ಇವೆರಡನ್ನೇ ನಂಬ್ಬೇಕು.

ಅಲ್ಲಿ ನಾಲ್ಕು ತೂತು ಕೊರೆದ್ವಿ. ಒಂದ್ನೇದು ಚೆನ್ನಾಗಿತ್ತು. ಎರಡ್ನೇದೂ ಚೆನ್ನಾಗಿತ್ತು. ಮೂರ್ನೇದು ಇನ್ನೂ ಚೆನ್ನಾಗಿತ್ತು, ಅದಿಮೂರಡಿಗೇ ಕಪ್ಪು ಬಂಡೆ, ಮದ್ಯ ಒಂದು ಬಿಳೀ ಪಟ್ಟೆ, ಏನ್ ಕಲ್ಲು ಅಂತೀಯ. ಅಷ್ಟೇ. ಕೊರೆಯೋ ರಿಗ್ಗು ಬಿಚ್ಚಿ ವ್ಯಾನಿಗಾಕಿ ಓಮಲೂರ್ ಕೆಲಸಕ್ಕೆ ಒರಟ್ವಿ.

ಯಾಕೆ ನಾಲ್ಕು ಬೆಳ್ಳು ತೋರಿಸ್ತೀಯ?

ನಾಲ್ಕನೇದೂ... ಪರ್ವಾಯಿಲ್ಲ. ಅದೂ ಚೆನ್ನಾಗೇ ಇತ್ತು. ಮ್ಯಾಲೆ ಗಟ್ಟಿ ಮಣ್ಣು, ಕೆಳಗೆ ಬಂಡೆ. ಪೆಟ್ಟಿಗೆ ಆಪೀಸಿನಲ್ಲೈತೆ, ಯಾರ್ ಬೇಕಾದ್ರೂ ನೋಡ್ಬೋದು. ಬಂಡೆ ಅಂತ ಬರೆದಿರೋದ್ಕೆ ತಾನೆ ಗುಂಡಿ ಪಕ್ಕ ಕುಸೀದಂಗೆ ಅಲಗೆ ಕೂಡ ಕೊಡ್ದೆ ನೆಟ್ಟಗೆ ಇಳಿಸ್ತಾವ್ರೆ. ಸುಳ್ಳಾಗಿದ್ರೆ ಆ ತೂತಿನ ಕಲ್ಲು ತಂದು ನಿನ್ ಕೈಗೆ ಕೊಡ್ತಿದ್ನಾ? ನೀನೇ ಯೋಳು. ಬ್ಯಾಡ, ಯೋಳ್ಬ್ಯಾಡ, ಕೇಳು.

ನಾನೇನೋ ತಮಾಷೆಗೆ ತಂದೆ. ಗುಂಡಗೆ ನುಣ್ಣಗೆ ಚೆನ್ನಾಗೈತೆ, ಮೆಣಸು ಕುಟ್ಟಿಕೊಳ್ಳಲಿ ತಂಗಿ ಅಂತ. ಇದ್ಯಾವ ಕಲ್ಲು ಅಂದ ಮಾಪ್ಳೆ. ನೀನು ಮುಂದೆ ಇಳಿಯೋ ಗುಂಡಿ ಐತಲ್ಲ, ನಾಲ್ಕನೇ ತೂತು, ಅಲ್ಲಿ ಇಪ್ಪತ್ತಡಿ ಆಳದಾಗೆ ಕೂತಿದ್ದ ಕಲ್ಲು ಅಂದೆ. ಅಂದಿದ್ದೇ ತಡ, ಅವ್ನು ಎರಡೂ ಕೈಲಿ ಈಸ್ಕೊಂಡ. ಇಪ್ಪತ್ತಡಿ ಕೆಳಗೆ ಕೂತಿರೋನು ಮುನೇಶ್ವರನೇ ತಾನೆ, ನಮ್ಮನ್ನ ಕಾಯೋಕೆ ಮ್ಯಾಲೆ ಬಂದವ್ನೆ ಅಂದ. ನೀನು ಓಗಿ ಅರಿಶಿನ ತಂದೆ. ನಾನು ನೋಡ್ತಾ ನೋಡ್ತಾನೇ ಕಲ್ಲು ದೇವ್ರ ಗೂಡಿಗೇರ್ತು, ಕುಂಕುಮ ಇಡಿಸ್ಕೊಂತು. ಅಡ್ಡ ಬಿದ್ದ ಮಾಪ್ಳೆ. ಆವಾಗ ನಾನೇನ್ ಯೋಳ್ಬೇಕಿತ್ತು? ಅವತ್ತಿಂದ ನಿಮ್ಮನೆಗೆ ಬಂದಾಗೆಲ್ಲ ನಾನು ಆ ಗೂಡಿಗೆ ಬೆನ್ನು ಮಾಡ್ಕೊಂಡೇ ಕೂರ್ತೀನಿ. ನೀನು ಗಮನಿಸಿದ್ಯೋ ಇಲ್ವೋ. ಈಗ್ಲೂ ಅಂಗೇ ಕೂತಿದ್ದೀನಿ.

ಯಾಕೆ ಎದ್ದೆ? ಕೂತ್ಕೋ. ಇನ್ನೂ ಮುಗ್ದಿಲ್ಲ.

ಸರಿ, ಒಂಚೂರು ಬಿಡ್ಸಿ ಯೋಳ್ತೀನಿ. ನಾಲ್ಕನೇ ತೂತಲ್ಲಿ ಒಂಚೂರು ಮೆತ್ತಗಿತ್ತು. ಒಂದೇ ಚೂರು. ಎಲ್ಲಾ ಕಡೆ ಇರ್ತದೆ ಅಂಥದ್ದು. ಇವತ್ತು ಅವ್ರು ಅದಿಮೂರಡಿ ದಾಟ್ತಾರಂತೆ, ನೆನ್ನೆ ಸಂಜೆ ಸೂಪ್ರವೈಸರ್ ಪೋನಲ್ಲಿ ಯೋಳ್ದ. ಯಂತ್ರ ನಿಲ್ಲಿಸಿ, ಕೈಯಲ್ಲಿ ತಳ ಮಟ್ಟ ಮಾಡಾಕೆ ಆಳು ಇಳಿಸ್ತಾರಂತೆ. ಅದಕ್ಕೇ ಭಯ. ಊಂ, ನಂಗೆ ಭಯ ಆಗ್ತೈತೆ, ಸಾಕಾ? ನಿನ್ ಅಣ್ಣಂಗೆ ಭಯ ಆಗ್ತೈತೆ. ರಾತ್ರಿ ಅನ್ನ ಇಳೀಲಿಲ್ಲ. ಇವತ್ತೊಂದಿನ ಅವ್ನು ಮನೇಲಿರ್ಲಿ. ನಾಳೆಯಿಂದ ಅವ್ನಿಗೆ ಪಾಲಕೋಡಲ್ಲಿ ಸಕ್ಕರೆ ಮಿಲ್ಲಿನ ಲೋಡಿಂಗ್ ಕೆಲ್ಸ ನಾನ್ ನೋಡ್ಕೊಡ್ತೀನಿ.

ಏನ್ ಆ ಕಡೆ ಕೈ ತೋರಿಸ್ತೀಯ? ಮಲ್ಲಪ್ಪನ ಮನೆ. ಗೊತ್ತು, ಎದುರುಮನೆ ಮಲ್ಲಪ್ಪನೂ ಅದೇ ಗುಂಡೀಲಿ ಇಳಿಯೋದು. ಗೊತ್ತು, ಮುಂದಿನ ತಿಂಗಳು ಮಗಳ ಮದ್ವೆ, ಚಪ್ಪರದ ಗಳ ತಂದು ಆಕ್ಸವ್ನೆ, ಬರ್ತಾ ನೋಡ್ದೆ. ಎಂಟು ಜನ ಇಳೀತಾರೆ ಅಂತಾನೂ ಗೊತ್ತು. ಎಂಟು ಜನದ ಮನೆಗೂ ನಾನು ಓಗಾಕಾಯ್ತದಾ? ಅವ್ರವ್ರಿಗೆ ಅವ್ರವ್ರ ಅಣ್ಣತಮ್ಮಂದಿರು ಇಲ್ವಾ? ನಂಗೆ ನೀನೊಬ್ಳೇ ತಂಗಿ. ನಿನ್ನ ಕುಂಕುಮ ನಾನು...

ಅಂಗ್ ನೋಡ್ಬ್ಯಾಡ ಸಪ್ಪಲೂ. ಅಮ್ಮ ಅಂಗೇ ನೋಡ್ತಿದ್ಲು. ಬೈದ್ರೆ ಬೈದ್ಬಿಡು.

ಏನೂ ಆಗಲ್ಲ ಕಣೇ. ಎಲ್ಲಾ ನನ್ನ ತಲೇಲಿರೋ ಉಳ. ಬೇಕಾದ್ರೆ ಆಣೆ ಮಾಡ್ತೀನಿ. ಆ ನಾಲ್ಕನೇ ತೂತಲ್ಲಿ ಬಂಡೆ ಐತೆ ಅಂತ ನಿನ್ ಮುನೇಶ್ವರನ ತಲೆ ಮ್ಯಾಲೆ ಕೈ ಇಟ್ಟು ಆಣೆ...

ಎಲ್ಲೇ ಕಲ್ಲು?

ಗೂಡು ಖಾಲಿ ಐತಲ್ಲೇ. ಅರಿಶಿನದ ಗುಂಡು ಗುರುತು ಮಾತ್ರ ಐತೆ. ಕರ್ಪೂರ ಅಚ್ಚಿರೋ ಮಸಿ ಇನ್ನೂ ಅಂಗೇ ಐತೆ. ತೊಳ್ಯೋಕೆ ತಗ್ದಿದ್ದೀಯ? ಇಲ್ವಾ? ಮತ್ತೆಲ್ಲಿ? ಈಗ ಮಾತಾಡೇ. ಬಾಯಿಗೆ ಬೀಗ ಆಕ್ಕೊ ಅಂದೋನು ನಾನೇ, ಈಗ ನಾನೇ ಯೋಳ್ತಾ ಇದ್ದೀನಿ, ಮಾತಾಡು. ಯಾಕೆ ತಲೆ ತಗ್ಗಿಸ್ತೀಯ?

ಆ ಒಳಮನೇಲಿ ಮಲಗಿರೋದು ಯಾರು?

ಬಾಕ್ಲು ತೆಗಿ. ಚಾಪೆ ಸುತ್ತಿಟ್ಟೈತೆ.

ಚಪ್ಪಲಿ ಆಚೆ ಬಿಟ್ಟವ್ನಲ್ಲ... ಬರಿಗಾಲಲ್ಲಿ ಓದ್ನಾ? ದೇವ್ರನ್ನ ತಲೆ ಮ್ಯಾಲೆ ಒತ್ಕೊಂಡು ಓಗೋನು ಚಪ್ಪಲಿ ಆಕ್ಕೊಳಲ್ಲ. ಬೈಕೂ ಅತ್ತಲ್ಲ. ಗುಂಡಿ ಪೂಜೆಗೆ ಓದ್ನಾ ಸಪ್ಪಲೂ? ಬಂಡೆ ಮುಟ್ಟೋ ದಿನ ಅಂತ, ಆ ಗುಂಡಿ ದೇವ್ರನ್ನ ಆ ಗುಂಡಿ ಬಾಯಲ್ಲೇ ಇಟ್ಟು ಪೂಜೆ ಮಾಡಿ ಇಳಿಯೋಣ ಅಂತ. ಮಲ್ಲಪ್ಪನೂ ಓದ್ನಾ? ಎಲ್ರೂ ಓದ್ರಾ?

ಯಾವಾಗ? ನಾನ್ ಬರೋಕ್ ಮುಂಚೆನಾ? ಇದನ್ನ ಯೋಳಾಕೆ ತಾನೆ ನೀನು ಆವಾಗಿಂದ ಬಾಯಿ ತೆಗೀತಿದ್ದಿದ್ದು. ಟೈಮ್ ಎಷ್ಟು? ಏಳೂ ಮುಕ್ಕಾಲು. ವ್ಯಾನು ಬರ್ಲೇ ಇಲ್ಲ ಅಂತ ನಂಗೆ ಒಳೀಲೇ ಇಲ್ಲ. ಮುಕ್ಕಾಲು ಗಂಟೆ ಕೂತ್ಕೊಂಡು ಮಾತಾಡಿದ್ದೀನಿ ನಾನು.

ಆ ಮೋಟ್ರು... ತೋಟದ್ದಲ್ಲ. ಅಳ್ಳದ ಕಡೆಯಿಂದ ಬತ್ತೈತೆ. ಗುಂಡಿ ನೀರು ಎತ್ತುತ್ತಾವ್ರೆ. ಬಂಡೆ ಇರೋ ಕಡೆ ಅಷ್ಟೊಂದು ನೀರು ಎಲ್ಲಿಂದ ಬರ್ಬೇಕು? ಅಲ್ಲಿರೋರ್ಗೆ ಯಾರ್ಗೂ ಗೊತ್ತಾಗ್ತಿಲ್ವಾ? ಎಂಗ್ ಗೊತ್ತಾಯ್ತದೆ. ಮ್ಯಾಲೆ ನನ್ನ ಕಲ್ಲು ಕೂತೈತೆ, ಅದಕ್ಕೆ ಕೈ ಮುಗ್ದು ಇಳ್ದವ್ರೆ.

ಅದು ಅಲ್ಲಿಯ ಕಲ್ಲಲ್ಲ ಕಣೇ. ನಾಲ್ಕನೇ ತೂತಲ್ಲಿ ಬಂಡೆ ಇಲ್ಲ. ಅದಿಮೂರಡಿಗೆ ಗುಂಡು ಎತ್ತಿ ಬಿಡೋದೇ ಬೇಕಾಗ್ಲಿಲ್ಲ, ರಾಡಿನ ಮ್ಯಾಲೆ ಸುಮ್ನೆ ಇಟ್ವಿ, ತಾನಾಗೇ ಇಳೀತು. ಒಂದಾಳುದ್ದ ಇಳೀತು. ಕೊಳವೆ ಬಿಚ್ಚಿದ್ರೆ ಒಳಗೆ ಕರೀ ರೊಚ್ಚು, ಅಳೇ ಕೆರೆ ವಾಸನೆ. ಮೇಲಿಂದ ಬಿಟ್ಟ ನೀರೆಲ್ಲ ಕುಡೀತು, ಒಂದು ಚೊಂಬು ವಾಪಸ್ ಬರಲಿಲ್ಲ. ಆ ರೊಚ್ಚಲ್ಲಿ ಕೊರೆಯೋ ಬಿಟ್ಟು ಸಿಕ್ಕಾಕ್ಕೊಂಡು ಕಳ್ದೋಯ್ತು. ಇಪ್ಪತ್ತೆರಡು ವರ್ಷದಲ್ಲಿ ಚಿನ್ನಪ್ಪ ಒಂದು ಬಿಟ್ಟೂ ಕಳ್ಕೊಂಡೋನಲ್ಲ ಅಂತ ಎಲ್ರೂ ಅಂತಿದ್ರು. ನಮ್ ಎಂಜಿನಿಯರ್ ಸಾರ್ ಆವಾಗ ಓಮಲೂರಲ್ಲಿದ್ರು, ಸಂಜೆಗೆ ಮುಗ್ಸಿ, ಬೆಳಗ್ಗೆ ವ್ಯಾನು ಬತ್ತದೆ ಅಂದ್ರು. ನಾಚ್ಕೆ ಆಯ್ತು ಸಪ್ಪಲೂ. ಅಷ್ಟೇ ಕಾರಣ, ಇನ್ನೇನೂ ಇಲ್ಲ. ಮೂರನೇ ತೂತಿನ ಪಕ್ಕಕ್ಕೆ ಓಗಿ, ಮೂರ್ ಎಜ್ಜೆ ಆಚೆ ಇನ್ನೊಂದ್ಸಲ ಕೊರೆದೆ. ಅದೇ ಕಪ್ಪು ಕಲ್ಲು, ಅದೇ ಬಿಳೀ ಪಟ್ಟೆ. ನಾಲ್ಕು ಅಂತ ಬರೆದಿರೋ ಪೆಟ್ಟಿಗೇಲಿ ಜೋಡಿಸ್ದೆ. ಒಂದು ತುಂಡು ಮಿಕ್ತು. ಅದನ್ನ ನಿಂಗೆ ತಂದ್ಕೊಟ್ಟೆ.

ಅವ್ನಿಗೆ ಪೋನ್ ಮಾಡು. ಮಾಡು ಬೇಗ.

ರಿಂಗ್ ಆಯ್ತೈತೆ... ಇಲ್ಲೇ ಎಲ್ಲೋ ಕೇಳ್ತೈತಲ್ಲ. ದಿಂಬಿನ ಕೆಳಗಾ?

ಗಾಡಿ ತಗೊಂಡ್ ಓಗ್ತೀನಿ, ದಾರಿ ಸುತ್ತು, ಅತ್ತು ನಿಮಿಷ. ಓಗಿ ಕೂಗ್ತೀನಿ, ಶಿವಾ ಬಾರೋ ಮ್ಯಾಲೆ, ದೊಡ್ಡಕ್ಕಂಗೆ ಉಷಾರಿಲ್ಲ ಅಂತ... ಅತ್ತು ನಿಮಿಷ ಐತೋ ಇಲ್ವೋ. ಯಾಕೆ ನನ್ನ ಜೇಬಿಗೆ ಕೈ ಆಕ್ತೀಯ? ನನ್ ಪೋನು. ಇದರಲ್ಲಿ ಸಾರ್ ನಂಬರ್ ಐತೆ, ಊಂ, ಗೊತ್ತು. ಅವ್ರಿಗ್ ಯೋಳಿದ್ರೆ ಎಂಟು ಜನಾನೂ ಒಂದೇ ಕೂಗಿಗೆ ಮ್ಯಾಲೆ ಬತ್ತಾರೆ. ಅವ್ರು ಯಾಕೆ ಅಂತ ಕೇಳ್ತಾರೆ ಕಣೇ. ಯಾಕೆ ಅಂತ ಕೇಳಿದ್ರೆ ನಾನೇನ್ ಯೋಳ್ಲಿ? ನೀನಾದ್ರೂ ಒಂದ್ ಮಾತ್ ಯೋಳ್ಬಾರ್ದಾ?

ಸರಿ. ನೀನೇ ಒತ್ತು. ಅದೇ, ಮ್ಯಾಲಿಂದ ಎರಡನೇದು.

ಅಲೋ. ಸಾರ್. ನಾನ್ ಚಿನ್ನಪ್ಪ ಸಾರ್, ರಿಗ್ಗು ಚಿನ್ನಪ್ಪ. ಸಾರ್, ಗುಂಡೀಲಿರೋರ್ನೆಲ್ಲ ಮ್ಯಾಲಕ್ಕೆ ಕರೀರಿ. ಈಗ್ಲೇ ಸಾರ್, ಮೊದ್ಲು ಕರೀರಿ, ಆಮ್ಯಾಲೆ... ಇಲ್ಲ ಸಾರ್, ಕುಡ್ದಿಲ್ಲ. ಯಾಕೆ ಅಂದ್ರೆ...

ನಾಲ್ಕನೇ ಪೆಟ್ಟಿಗೇಲಿರೋದು ನಾಲ್ಕನೇ ತೂತಿನ ಕಲ್ಲಲ್ಲ ಸಾರ್.