ನಾಲ್ಕನೇ ಟೇಬಲ್ಲಿನ ನಾಬ್

ಮಾನ್ಯ ಪ್ರಾಚಾರ್ಯರೇ, ಖಾನಾಪುರದಿಂದ ಬಂದಿರುವ ಉಳವಪ್ಪನವರ ಪತ್ನಿ ಗಂಗಾದೇವಿ ವೈನಿಯವರೇ, ಅವರ ಮಗಳು ನಿಖಿತಾ, ನಮ್ಮ ಪಾಲಿಟೆಕ್ನಿಕ್ಕಿನ ಸಹೋದ್ಯೋಗಿಗಳೇ, ಉಳವಪ್ಪನವರ ಹಳೆಯ ವಿದ್ಯಾರ್ಥಿಗಳೇ — ಎಲ್ಲರಿಗೂ ಶರಣು. ಹಿಂದ ನಿಂತಾವ್ರು ಕುಂದರ್ರಿ. ಕುರ್ಚಿ ಇನ್ನೂ ಅದಾವ.

ನಾನು ಕಲ್ಮೇಶ, ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಚಾರ್ಜ್. ಉಳವಪ್ಪನವರು ಅದೇ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡಿದವರು. ಈ ವರ್ಷ ಈ ಸಭಾಗೃಹದಲ್ಲಿ ಇದು ಮೂರನೇ ಸಂತಾಪ ಸಭೆ. ಮೂರಕ್ಕೂ ಮಾತಾಡಲು ನನ್ನನ್ನೇ ಕರೆದರು. ಖರೇ ಹೇಳಬೇಕೆಂದರೆ ದಣಿದಿದ್ದೇನೆ. ಹೋದವರ ಬಗ್ಗೆ ಒಳ್ಳೆಯ ಮಾತು ಹೇಳಿ ಹೇಳಿ ದಣಿದಿದ್ದೇನೆ. ಇವತ್ತೂ ಬರೆದುಕೊಂಡು ಬಂದಿದ್ದೆ — ಇಗೋ, ಈ ಚೀಟಿ. ‘ಸರಳ ಸಜ್ಜನ, ಮೃದುಭಾಷಿ’ ಎಂದಿದೆ. ಉಳವಪ್ಪನವರು ಮೃದುಭಾಷಿ ಆಗಿರಲಿಲ್ಲ. ಅವರ ಕೈಯಲ್ಲಿ ಬೈಸಿಕೊಳ್ಳದ ವಿದ್ಯಾರ್ಥಿ ಯಾರಾದರೂ ಇದ್ದರೆ ಕೈ ಎತ್ತಿ. — ನೋಡಿದಿರಾ, ಒಂದು ಕೈಯೂ ಇಲ್ಲ. ಚೀಟಿ ಮತ್ತೆ ಕಿಸೆಗೇ ಹೋಗಲಿ.

ನಮ್ಮ ಲ್ಯಾಬಿನಲ್ಲಿ ಹನ್ನೆರಡು ಟೇಬಲ್, ಹನ್ನೆರಡು ಸಿಗ್ನಲ್ ಜನರೇಟರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ — ಬೇಕಾದ ಅಳತೆಯ ವಿದ್ಯುತ್ ತರಂಗ ಕೊಡುವ ಪೆಟ್ಟಿಗೆ ಅದು. ತರಂಗ ಎಷ್ಟು ಎತ್ತರ, ಸೆಕೆಂಡಿಗೆ ಎಷ್ಟು ಸಲ, ಯಾವ ಆಕಾರ, ಎಲ್ಲವನ್ನೂ ಮುಂದಿನ ಪ್ಯಾನೆಲ್ ಮೇಲಿನ ನಾಬ್ ತಿರುಗಿಸಿ ಇಡಬೇಕು. ಸಂಜೆ ಲ್ಯಾಬ್ ಮುಗಿದ ಮೇಲೆ ಉಳವಪ್ಪನವರು ಒಂದನೇ ಟೇಬಲ್ಲಿನಿಂದ ಹನ್ನೆರಡನೆಯದರ ತನಕ ಹೋಗುತ್ತಿದ್ದರು. ಒಂದೊಂದು ನಾಬನ್ನೂ ಹೀಗೆ — ಎರಡೇ ಬೆರಳಿನಲ್ಲಿ — ಸೊನ್ನೆಗೆ ತಂದು ಇಡುತ್ತಿದ್ದರು. ಖಾನಾಪುರದ ಬಸ್ ತಪ್ಪಿದರೂ ಸರಿ, ಸೊನ್ನೆ ಆಗದೆ ಹೊರಡುತ್ತಿರಲಿಲ್ಲ. ಯಾಕೆ ಇಷ್ಟು ಹಟ ಎಂದು ಕೇಳಿದರೆ, “ನಾಳಿ ಮುಂಜಾನಿ ಬರಾವ್ರಿಗೆ ನಿನ್ನಿ ಯಾರ್ ಏನ್ ಮಾಡ್ಯಾರ ಗೊತ್ತಿರೂದಿಲ್ರೀ. ಅವರದು ಸೊನ್ನಿಂದನ ಸುರು ಆಗಬೇಕು” ಅನ್ನುತ್ತಿದ್ದರು. ಮರಾಠಿ ಮಾತಾಡುವ ವಿದ್ಯಾರ್ಥಿಗಳಿಗೆ ಇದನ್ನೇ ಮರಾಠಿಯಲ್ಲಿ ಬೈದು ಹೇಳುತ್ತಿದ್ದರು.

ಸಭೆ ಶುರುವಾಗುವ ಮೊದಲು ವೈನಿಯವರು ನನ್ನನ್ನು ಬಾಜೂಕ ಕರೆದರು. “ಅಣ್ಣಾ, ಆ ಪರೀಕ್ಷಾದ ಸುದ್ದಿ ಮಾತ್ರ ತಗೀಬ್ಯಾಡ್ರಿ. ಮಗಳು ಬಂದಾಳ” ಅಂದರು. ಆಗಲಿ ಎಂದೆ. — ವೈನಿ, ಕೊಟ್ಟು ಅರ್ಧ ತಾಸೂ ಆಗಿಲ್ಲ, ಆ ಮಾತು ಮುರಿಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದಿನ ಮಾತು. ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ಸಂಜೆ ಉಳವಪ್ಪನವರು ಮೂರು ಟೇಬಲ್ ಮುಗಿಸಿದ್ದರು, ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. ಅವರ ತಾಯಿ ಹಿತ್ತಿಲಲ್ಲಿ ಜಾರಿ ಬಿದ್ದಿದ್ದರು. ಉಳಿದ ಒಂಬತ್ತನ್ನು ನೋಡಿಕೊಳ್ಳಲು ನನಗೆ ಹೇಳಿ ಓಡಿದರು. ನಾನು ನಾಲ್ಕನೇ ಟೇಬಲ್ಲಿನಲ್ಲೇ ಏನೋ ಪರೀಕ್ಷಿಸುತ್ತಿದ್ದೆ. ಆ ಪ್ಯಾನೆಲ್ಲಿನಲ್ಲಿ ಒಂದು ಸಣ್ಣ ನಾಬ್ ಇದೆ, ಆಫ್‌ಸೆಟ್ ಅನ್ನುತ್ತಾರೆ. ಅದನ್ನು ಹೊರಗೆ ಎಳೆದರೆ ತರಂಗವೆಲ್ಲ ಇದ್ದ ಜಾಗ ಬಿಟ್ಟು ಮೇಲಕ್ಕೆ ಸರಿಯುತ್ತದೆ. ಒಳಗೆ ಒತ್ತಿದರೆ ಮೊದಲಿನ ಹಾಗೆ. ನಾನು ಎಳೆದಿದ್ದೆ. ರವಿವಾರ ಪೇಟೆಯ ಅಂಗಡಿ ಸಾಲಿನಲ್ಲಿ ನನ್ನ ಮನೆಯವರು ಕಾಯುತ್ತಿದ್ದರು. ಗಡಿಬಿಡಿಯಲ್ಲಿ ದೊಡ್ಡ ನಾಬ್‌ಗಳನ್ನಷ್ಟೇ ತಿರುಗಿಸಿ ದೀಪ ಆರಿಸಿ ಹೋದೆ. ಅದನ್ನು ಒತ್ತಲಿಲ್ಲ. ಹೊರಗೆ ಬಂದದ್ದು ಇಷ್ಟೇ, ಒಂದು ಉಗುರಿನಷ್ಟು. ಎದುರಿಗೆ ಕೂತವರಿಗೆ ಕಾಣುವುದೇ ಇಲ್ಲ.

ಮರುದಿನ ಆ ಟೇಬಲ್ ಬಂದದ್ದು ಮೇಘಾ ಎಂಬ ವಿದ್ಯಾರ್ಥಿನಿಗೆ. ತರಂಗದ ತಲೆಯನ್ನು ಒಂದು ಮಟ್ಟದಲ್ಲಿ ಕತ್ತರಿಸಿ ತೋರಿಸುವ ಪ್ರಯೋಗ. ಜೋಡಣೆ ಎಲ್ಲ ಸರಿ, ಪರದೆಯ ಮೇಲೆ ಬರುವುದು ಮಾತ್ರ ತಪ್ಪು. ಮೂರು ಸಲ ಬಿಚ್ಚಿ ಜೋಡಿಸಿದಳು. ಆಮೇಲೆ ಅಳಲು ಶುರು ಮಾಡಿದಳು. ಹೊರಗಿನಿಂದ ಬಂದ ಪರೀಕ್ಷಕರು ಬಗ್ಗಿ, ಪ್ಯಾನೆಲ್ಲನ್ನು ಬಾಜೂದಿಂದ ನೋಡಿದರು. ನಾಬ್ ಮೇಲೆ ಬೆರಳಿಟ್ಟು, ನಿನ್ನೆ ಈ ಟೇಬಲ್ ಯಾರು ನೋಡಿಕೊಂಡದ್ದು ಎಂದು ಕೇಳಿದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅದೇ ವಾರ ಲ್ಯಾಬ್ ಇನ್‌ಚಾರ್ಜ್ ಯಾರೆಂದು ತೀರ್ಮಾನ ಆಗುವುದಿತ್ತು. ಇದ್ದದ್ದು ಎರಡೇ ಹೆಸರು — ಅವರದು, ನನ್ನದು. ಪರೀಕ್ಷಕರ ಜೊತೆಗಿದ್ದ ಉಳವಪ್ಪನವರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಪರೀಕ್ಷಕರ ಕಡೆ ತಿರುಗಿದರು.

“ನಾನರೀ. ಹುಡುಗೀದೇನೂ ತಪ್ಪಿಲ್ಲ. ಆಕಿಗೆ ಮತ್ತೊಮ್ಮಿ ಮಾಡಾಕ ಕೊಡ್ರಿ.”

ಕೊಟ್ಟರು. ಮೇಘಾ ಪಾಸಾದಳು. ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಈಗ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಟೆಸ್ಟಿಂಗ್ ನೋಡುತ್ತಾಳೆ. ಉಳವಪ್ಪನವರಿಗೆ ಕರ್ತವ್ಯಲೋಪದ ಮೆಮೋ ಸಿಕ್ಕಿತು. ಕುರ್ಚಿ ನನಗೆ ಸಿಕ್ಕಿತು. ಅವರು ಮರುದಿನದಿಂದ ನನ್ನ ಕೈಕೆಳಗೆ ಕೆಲಸ ಮಾಡಿದರು, ಒಂದು ದಿನವೂ ಆ ಮಾತು ಎತ್ತಲಿಲ್ಲ. ತಪ್ಪು ಖರೇ ಯಾರದೆಂದು ಮನೆಯಲ್ಲೂ ಹೇಳಿರಲಿಲ್ಲ ಎಂಬುದು ವೈನಿಯವರ ಮಾತಿನಿಂದ ಇವತ್ತೇ ನನಗೆ ಗೊತ್ತಾದದ್ದು.

ಆರು ವರ್ಷ ಕಳೆದ ಮೇಲೆ, ಒಮ್ಮೆ ಚಹಾ ಕುಡಿಯುವಾಗ, ಯಾಕೆ ಹಾಗೆ ಮಾಡಿದಿರಿ ಎಂದು ನಾನೇ ಕೇಳಿದೆ. “ಅರ್ಧಕ್ಕ ಬಿಟ್ಟು ಹೋದಾಂವ ನಾನು” ಅಂದರು. ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು. “ನೀವು ಹೇಳ್ತೀರಿ ಅಂತ ಎಂಟ ದಿನ ಹಾದಿ ನೋಡಿದೆ. ಆಮ್ಯಾಲ ನೋಡೂದು ಬಿಟ್ಟೆ.” ಅಷ್ಟೇ. ಎದ್ದು ಒಂದನೇ ಟೇಬಲ್ಲಿಗೆ ಹೋದರು.

ಅವತ್ತಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಿವೃತ್ತಿಯ ದಿನ ಸತ್ಕಾರ ಮಾಡುವಾಗ ಎಲ್ಲರೆದುರು ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಈಗ ಆ ನಿವೃತ್ತಿಗೆ ಏಳೇ ತಿಂಗಳು ಉಳಿದಿತ್ತು. ಹೋದ ವಾರ ಎದೆನೋವು ಬಂತು, ಹೋಗಿಬಿಟ್ಟರು.

ನಿಖಿತಾ, ನಿಮ್ಮ ಅಪ್ಪಾರು ಅವತ್ತು ಏನೂ ತಪ್ಪು ಮಾಡಿರಲಿಲ್ಲ. ವೈನಿ, ಹನ್ನೊಂದು ವರ್ಷ ನೀವು ತಲೆ ತಗ್ಗಿಸಿದ್ದು ನನ್ನ ತಪ್ಪಿಗೆ. ಪ್ರಾಚಾರ್ಯರೇ, ನಾಳೆ ಇದನ್ನೆಲ್ಲ ಬರೆದು ಸಹಿ ಮಾಡಿ ಕೊಡುತ್ತೇನೆ. ಆ ಮೆಮೋ ಎಲ್ಲಿದೆಯೋ ಅದರ ಜೊತೆಗೆ ಇಡಿ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳಬೇಕೋ ತೆಗೆದುಕೊಳ್ಳಿ.

ಇನ್ನು ಹೇಳುವುದು ಏನೂ ಉಳಿದಿಲ್ಲ. ಎಲ್ಲರೂ ಎದ್ದು ನಿಲ್ಲೋಣ, ಎರಡು ನಿಮಿಷ ಮೌನವಾಗಿರೋಣ. ಸುಮ್ಮನೆ ನಿಲ್ಲುವುದು ನನಗೆ ಹೊಸದಲ್ಲ, ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ. ನನ್ನ ಮೌನ ಅವರಿಗೆ ಬೇಡ. ನಿಮ್ಮದು ಮುಟ್ಟಲಿ.

ವೈನಿ, ನೀವು ಕೂತೇ ಇರಿ. ನನಗೆ ಏನಾದರೂ ಅನ್ನಬೇಕು ಅನಿಸಿದರೆ, ನಡುವೆಯೇ ಅಂದುಬಿಡಿ. ನಾವು ಕೇಳುತ್ತ ನಿಂತಿರುತ್ತೇವೆ.

— ಏಳ್ರಿ, ಎಲ್ಲಾರೂ.