ತಿರುಗಿಸಿದ ದಿಕ್ಕು

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಹಳೇಬೀಡಿನ ಬಸ್ಸಿಗೆ ಕಾಯುತ್ತಿದ್ದ ಚಿದಂಬರನಿಗೆ ಪಕ್ಕದ ಮಾವ-ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬಿತ್ತು.

“ಪ್ಲಾಸ್ಮಾ ಅಂದ್ರೆ ಸೂರ್ಯನ ಥರ ಕಾದ ಅನಿಲ, ಮಾವ. ಅದ್ರಿಂದ ಕರೆಂಟ್ ಮಾಡೋ ಯಂತ್ರದೊಳಗೆ ಸರಿಯಾದ ದಿಕ್ಕಿಗೆ ತಿರುಗ್ತಿದ್ರೆ ಅದರ ಅಂಚು ಸುಮ್ನಿರುತ್ತೆ. ಇಲ್ಲಾಂದ್ರೆ ಸಿಡಿದು ಗೋಡೆ ಸುಡುತ್ತೆ.”

“ಐದು ವರ್ಷ ಅದನ್ನೇ ಅಲ್ವೇನವ್ವ ಸಿಂಧು, ನೀನು ಲೆಕ್ಕ ಹಾಕಿದ್ದು?”

“ದಿಕ್ಕು ಉಲ್ಟಾ ಹಾಕಿದ್ದೆ. ಅದನ್ನ ನಂಬ್ಕೊಂಡು ಯಂತ್ರ ಓಡಿಸಿದ್ರು. ಗೋಡೆ ಸುಟ್ಟೋಯ್ತು.”

“ತಪ್ಪು ನಿಂದು ಅಂತ ಯಾರ್ಗ್ ಗೊತ್ತೈತೆ?”

“ನಮ್ಮ ಗೈಡಿಗೆ ಮಾತ್ರ. ಡಾಕ್ಟರೇಟ್ ಬರೋವರೆಗೂ ಸುಮ್ನಿರು ಅಂದ್ರು.”

“ಮತ್ತಿನ್ನೇನು, ಸುಮ್ನಿರು.”

“ಯಂತ್ರ ಓಡಿಸಿದೋನ್ನ ಕೆಲಸದಿಂದ ತೆಗೆದ್ರು, ಮಾವ.”

ಬಸ್ಸು ಬಂದ ಮೇಲೆ ಮಾವ ಅವಳ ಚೀಲ ಎತ್ತಿಕೊಂಡ.

“ನಾಳೆ ಮಠದಲ್ಲಿ ಡಾಕ್ಟರೇಟ್ ಓದಿದ್ದಕ್ಕೆ ನಿಂಗೆ ಸನ್ಮಾನ ಇಟ್ಕೊಂಡವ್ರೆ. ಕಣ್ಣೊರಸ್ಕೊಂಡು ಹತ್ತವ್ವ.”

ಅವಳು ಹತ್ತಿದಳು. ಯಂತ್ರದ ಗೋಡೆ ಸುಟ್ಟಿದ್ದಕ್ಕೆ ಕೆಲಸದಿಂದ ತೆಗೆದ ಪತ್ರ ಚಿದಂಬರನ ಜೇಬಿನಲ್ಲಿತ್ತು. ಅದೇ ಬಸ್ಸಿಗೆ ಕಾದಿದ್ದ ಅವನು ಮಾತ್ರ ಏಳಲಿಲ್ಲ.